ಎಡಗಾಲಿಗೆ ಎರಡು ಪದರ

ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ
ಹಿಮ್ಮಡಿಗೆ ಯಾರೋ ಮೊಳೆ ಹಿಡಿದು ಕಾದಿದ್ದ ಹಾಗೆ.
ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದ ಮೇಲೆ
ಮೊಳೆ ಸುಮ್ಮನಾಗುತ್ತದೆ, ಹೋಗುವುದಿಲ್ಲ.

ಮೂವತ್ತೊಂದು ವರ್ಷ ಒಂದೇ ಕುರ್ಚಿಯ ಸುತ್ತ ಸುತ್ತಿದ್ದೇನೆ.
ಅಂಗಡಿ ಬಾಗಿಲಿಂದ ನೇರ ಹೊರಟಿದ್ದರೆ
ಇಷ್ಟೊತ್ತಿಗೆ ಕಾಶಿ ಮುಟ್ಟಿ ದಾವಣಗೆರೆಗೆ ವಾಪಸಾಗಿರುತ್ತಿದ್ದೆ.
ಸವೆದದ್ದು ಮೊಸಾಯಿಕ್ ಮಾತ್ರ,
ಕುರ್ಚಿಯ ಸುತ್ತ ಒಂದು ಮಂಕು ಬಳೆ.

ಪಿ.ಜೆ. ಬಡಾವಣೆಯ ಡಾಕ್ಟರು, ಚಿಕ್ಕ ಹುಡುಗಿ,
ಕಾಲು ತೊಳೆದು ಪೇಪರಿನ ಮೇಲೆ ನಿಲ್ಲಿ ಎಂದಳು.
ನಿಂತು, ಇಳಿದು ನೋಡಿದರೆ
ಅಂಗಾಲು ಪೂರ್ತಿ ಮೂಡಿತ್ತು ರೊಟ್ಟಿ ತಟ್ಟಿದ ಹಾಗೆ,
ಎಲ್ಲೂ ಬೆರಳಗಲ ಒಣ ಜಾಗವಿಲ್ಲ.
‘ಇಲ್ಲೊಂದು ಕಮಾನು ಇರಬೇಕಿತ್ತು’ ಅಂದಳು,
ಬಾಗಿಲು ಇಡಲು ಮರೆತ ಮೇಸ್ತ್ರಿಗೆ ಹೇಳುವಂತೆ.

ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕಳು.
ಅವಳನ್ನು ನೋಡಲು ಹೋದ ದಿನ ನಮ್ಮವ್ವ
ಬಚ್ಚಲ ಬಾಗಿಲಲ್ಲಿ ಅವಳ ಒದ್ದೆ ಹೆಜ್ಜೆ ಪರೀಕ್ಷಿಸಿದ್ದಳು,
ಹುಡುಗಿ ಕಾಲು ಚಪ್ಪಟೆಯಾದರೆ ಮನೆ ಚಪ್ಪಟೆ ಅಂತ.
ನನ್ನದನ್ನು ಯಾರೂ ನೋಡಿರಲಿಲ್ಲ.

ಬರೆದುಕೊಟ್ಟ ಅಟ್ಟೆಗೆ ಮೆಡಿಕಲ್ಲಿನಲ್ಲಿ ಸಾವಿರದ ಎಂಟುನೂರು.
ನೀಲಿ ಜೆಲ್ಲು, ಹಿಚುಕಿದರೆ ಹಲಸಿನ ತೊಳೆ.
ಬೂಟಿನೊಳಗೆ ತುರುಕಿ ಮೂರು ದಿನ ನಿಂತೆ.
ನೋವು ಹಿಮ್ಮಡಿ ಬಿಟ್ಟು ಮೊಣಕಾಲಿಗೆ ಮನೆ ಬದಲಿಸಿತು.
ಗಿರಾಕಿಗಳೆಲ್ಲ ವೈದ್ಯರಾದರು:
ಬಿಸಿ ಇಟ್ಟಿಗೆ, ಎಕ್ಕದೆಲೆ, ಉಪ್ಪು ನೀರು,
ಕಾಲಡಿ ಬಾಟಲಿ ಉರುಳಿಸು ಎಂದನೊಬ್ಬ,
ಖಾಲಿಯದೋ ತುಂಬಿದ್ದೋ ಎಂದನಿನ್ನೊಬ್ಬ.

ರೈಲ್ವೆ ಗೇಟಿನ ಬಳಿ ಕೊಡೆಯಡಿ ಕೂರುವ ಉಚ್ಚಂಗೆಪ್ಪ
ಆ ನೀಲಿಯನ್ನು ತಿರುಗಿಸಿ, ಮೂಸಿ, ಪಕ್ಕಕ್ಕಿಟ್ಟ.
‘ಇದು ಯಾರದೋ ಕಾಲು, ತಿಪ್ಪೇಶಣ್ಣ. ನಿಂದು ತಾ.’
ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡ.
ಹೆಬ್ಬೆರಳಿಂದ ಒತ್ತುತ್ತ ಹೋದ:
ಇಲ್ಲಾ? ಇಲ್ಲಾ?
ಹಾಂ, ಅಲ್ಲೇ.
ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಮುಗಿಯುತ್ತಲೇ ಇರಲಿಲ್ಲ.

ದಿನವಿಡೀ ನಾನು ತಲೆಗಳಿಗೆ ಮಾಡುವುದೂ ಇದನ್ನೇ.
ಯಾವ ನೆತ್ತಿಯಲ್ಲಿ ಯಾವ ಕಲ್ಲಿನ ಗಾಯ,
ಯಾರಿಗೆ ಕಿವಿಯ ಹಿಂದೆ ಕಚಗುಳಿ, ಬಲ್ಲೆ.
ಅವನ ತಲೆ ಬಾಗಿ ನನ್ನೆದುರಿಗೇ ಇತ್ತು.
ಕತ್ತಿನ ಹಿಂದೆ ಕೂದಲು ಮೆಟ್ಟಿಲು ಮೆಟ್ಟಿಲು,
ಮನೆಯಲ್ಲೇ ಯಾರೋ ಕತ್ತರಿಸಿದ್ದು.

ಹದಿನಾರು ವರ್ಷದಿಂದ ನೂರು ಮಾರು ದೂರದಲ್ಲಿ ಕೂತವನು
ಒಮ್ಮೆಯೂ ಅಂಗಡಿ ಹತ್ತಿಲ್ಲ.
ನಾನು ಬಾ ಎಂದಿಲ್ಲ,
ಬೇಡ ಎಂದೂ ಇಲ್ಲ, ಅದನ್ನೇ ದೊಡ್ಡದು ಅಂದುಕೊಂಡಿದ್ದೆ.
ಜಗಳೂರು ಕಡೆಯ ನಮ್ಮೂರಲ್ಲಿ
ಅಪ್ಪನ ಕತ್ತರಿಗೆ ಅವರ ಕೇರಿಯ ದಾರಿ ಗೊತ್ತಿರಲಿಲ್ಲ.
ಆ ಕತ್ತರಿ ಡ್ರಾಯರಿನಲ್ಲಿದೆ ಇನ್ನೂ,
ವರ್ಷಕ್ಕೊಮ್ಮೆ ಸಾಣೆ ಹಿಡಿಸುತ್ತೇನೆ.

ಲಾರಿ ಟ್ಯೂಬು, ಮೆತ್ತನೆ ತೊಗಲು,
ನಡುವೆ ಹಳೇ ಹವಾಯಿ ಚಪ್ಪಲಿಯ ಚೂರನ್ನು
ಉಳಿಯಿಂದ ಹೆರೆದು ಹೆರೆದು ಸಣ್ಣ ಗುಡ್ಡ ಮಾಡಿದ.
ಎಡಗಾಲಿಗೆ ಎರಡು ಪದರ.
‘ಕತ್ತರಿ ಬಲಗೈಯಾಗೆ, ಭಾರ ಎಡಗಾಲಾಗೆ.
ನಿನ್ನ ಬೂಟೇ ಹೇಳತೈತಿ.’
ಎಂಬತ್ತು ಅಂದ. ನೂರು ಕೊಟ್ಟೆ.
ಇಪ್ಪತ್ತು ಎಣಿಸಿ ಕೈಗಿಟ್ಟ.

ಬೆಳಗಿನ ಮೊಳೆ ಈಗಲೂ ಇದೆ.
ಮನೆಯೊಳಗೆ ಎಲ್ಲರೂ ಬರಿಗಾಲು,
ಆಧಾರವೆಲ್ಲ ಹೊಸಿಲಾಚೆ ಬೂಟಿನಲ್ಲಿ ಉಳಿದಿರುತ್ತದೆ.
ಆದರೆ ಆ ಶನಿವಾರ, ಸಂಜೆಯ ಒಂಬತ್ತನೇ ತಲೆಗೆ
ನೀರು ಚಿಮುಕಿಸುವಾಗಲೇ ನೆನಪಾದದ್ದು,
ಕಾಲು ಅಂತೊಂದು ಇದೆ ನನಗೆ.

ಸೋಮವಾರ ಕತ್ತಲಾಗುವಾಗ ಗೇಟಿಗೆ ಹೋದೆ.
ಮಂಗಳವಾರ ನಮಗೆ ರಜೆ. ‘ನಾಡಿದ್ದು ಬಾರಪ್ಪ,
ಬೆಳಿಗ್ಗೆ ಕುರ್ಚಿ ಖಾಲಿ ಇರತೈತಿ’ ಅಂದೆ,
ರೈಲು ಹಾಯುವ ಸದ್ದಿನಲ್ಲೇ ಅಂದೆ, ಬೇಕಂತಲೋ ಏನೋ.
ಕೇಳಿಸಿತೋ ಇಲ್ಲವೋ. ದಾರ ಕಚ್ಚಿ ಹರಿದು
‘ಅಟ್ಟೆ ಒತ್ತತೈತಾ?’ ಅಂದ.
ಸ್ವಲ್ಪ, ಅಂದೆ.
‘ಒತ್ತಲಿ ಬಿಡು. ಹೊಸದು
ಎಂಟು ದಿನ ಒತ್ತೇ ಒತ್ತತೈತಿ.’